ಏಳಿ, ಸುಣ್ಣದಗೂಡು ಬಂತು

ನಾನು ಒಂದು ಮೆಟ್ರೊ ನಿಲ್ದಾಣ. ಅಂತಿಂಥ ನಿಲ್ದಾಣವಲ್ಲ, ಒಂಬತ್ತು ವರ್ಷ ಕೊನೆಯ ನಿಲ್ದಾಣವಾಗಿ ಮೆರೆದ ನಿಲ್ದಾಣ. ನನ್ನ ಹೆಸರು ಸುಣ್ಣದಗೂಡು. ನಮ್ಮ ಮಾರ್ಗದಲ್ಲಿ ಇತ್ತ ಬರುವ ಯಾವ ಗಾಡಿಯನ್ನು ನೋಡಿದರೂ ಅದರ ಹಣೆಯ ಮೇಲೆ ದೀಪದ ಅಕ್ಷರಗಳಲ್ಲಿ ನನ್ನದೇ ಹೆಸರು ಇರುತ್ತಿತ್ತು. ಮಧ್ಯದ ಹದಿನಾಲ್ಕು ನಿಲ್ದಾಣಗಳಿಗೆ ಆ ಭಾಗ್ಯ ಎಲ್ಲಿಂದ ಬರಬೇಕು? ಜಂಬ ಅಂದುಕೊಂಡರೆ ಅಂದುಕೊಳ್ಳಿ. ಜಂಬ ಪಡುವಂಥದ್ದು ಇದ್ದಾಗ ಪಡದೆ ಕೂರುವ ಜಾಯಮಾನ ನನ್ನದಲ್ಲ.

ನಾನು ಹುಟ್ಟಿದ ಜಾಗದಲ್ಲಿ ಹಿಂದೆ ಸುಣ್ಣ ಸುಡುವ ಗೂಡುಗಳಿದ್ದವಂತೆ. ನಾನು ಕಂಡವನಲ್ಲ. ಅಡಿಪಾಯ ತೋಡುವಾಗ ಬೆಳ್ಳನೆಯ ಮಣ್ಣು ಬಂತು, ಅಷ್ಟೇ ಗೊತ್ತು. ಒಡಿಶಾದವರು, ಬಿಹಾರದವರು, ನಮ್ಮ ರಾಯಚೂರಿನವರು ಸೇರಿ ಕಂಬ ಎತ್ತಿದರು, ತೊಲೆ ಕೂರಿಸಿದರು, ಚಪ್ಪರದಂತೆ ಮೇಲೆ ತಗಡು ಹೊದಿಸಿದರು. ಕಾಂಕ್ರೀಟಿಗೆ ಗೋಣಿತಾಟು ಸುತ್ತಿ ವಾರಗಟ್ಟಲೆ ನೀರು ಹಾಕಿದರು. ಬಾಣಂತನ ಅಂದರೆ ಅದು. ಇವತ್ತಿಗೂ ನನ್ನ ಮೈಯಲ್ಲಿ ಒಂದು ಕೂದಲೆಳೆಯಷ್ಟು ಬಿರುಕಿಲ್ಲ, ಬೇಕಾದರೆ ಬಂದು ನೋಡಿ.

ನನ್ನಿಂದಾಚೆ ಒಂದು ಗಾಡಿ ನಿಲ್ಲುವಷ್ಟು ಹಳಿ ಇತ್ತು. ಅದರ ತುದಿಗೆ ಕೆಂಪು ಬಣ್ಣ ಬಳಿದ ಕಬ್ಬಿಣದ ಅಡ್ಡಗಟ್ಟೆ. ಅಲ್ಲಿಗೆ ಪ್ರಪಂಚ ಮುಗಿಯಿತು. ಊರಿನ ಕಡೆಯಿಂದ ಬಂದ ಗಾಡಿ ನನ್ನ ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಎಲ್ಲರನ್ನೂ ಇಳಿಸಿ, ಖಾಲಿಯಾಗಿ ಆ ತುದಿಹಳಿಗೆ ಹೋಗಿ, ದಿಕ್ಕು ಬದಲಿಸಿ ಎರಡನೇ ಪ್ಲಾಟ್‌ಫಾರ್ಮಿಗೆ ಬರಬೇಕು. ಮಧ್ಯದ ನಿಲ್ದಾಣಗಳಲ್ಲಿ ಗಾಡಿ ಮೂವತ್ತು ಸೆಕೆಂಡು ನಿಲ್ಲುತ್ತದೆ. ಬಸ್ ತಪ್ಪಿಸಿಕೊಂಡವರ ಹಾಗೆ ಜನ ಓಡಬೇಕು. ನನ್ನಲ್ಲಿ ಹಾಗಲ್ಲ. ನನ್ನ ಊರಿನವರು ಗಾಡಿ ಹತ್ತಿ ಕೂತರೆ ಹೊರಗೆ ನೋಡುವ ಹಂಗೇ ಇಲ್ಲ. ಕಣ್ಣು ಮುಚ್ಚಿ ಗೊರಕೆ ಹೊಡೆಯಬಹುದು. ಗಾಡಿ ನನ್ನನ್ನು ದಾಟಿ ಎಲ್ಲಿಗೆ ಹೋದೀತು? ಹಾಗಾಗಿ ನಮ್ಮ ಮಾರ್ಗದಲ್ಲಿ ಯಾರಾದರೂ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದರೆ ಅವರು ಸುಣ್ಣದಗೂಡಿನವರು ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು.

ಆದರೆ ಮಲಗಿದವರನ್ನು ಎಬ್ಬಿಸಿ ಇಳಿಸಬೇಕಲ್ಲ? ತುದಿಹಳಿಗೆ ಹೋಗುವ ಗಾಡಿಯಲ್ಲಿ ಒಂದು ನರಪಿಳ್ಳೆಯೂ ಇರಕೂಡದು ಎನ್ನುವುದು ನಿಯಮ. ಮೊದಮೊದಲು ಒಬ್ಬ ಸೆಕ್ಯುರಿಟಿಯವನು ಬಾಗಿಲಲ್ಲಿ ನಿಂತು ಸೀಟಿ ಊದುತ್ತಿದ್ದ. ಕೆಲವರಿಗೆ ಎಚ್ಚರವೇ ಆಗುತ್ತಿರಲಿಲ್ಲ, ಕೆಲವರು ಬೆಚ್ಚಿಬಿದ್ದು ಚಪ್ಪಲಿ ಬಿಟ್ಟು ಓಡುತ್ತಿದ್ದರು. ಒಬ್ಬ ಯಜಮಾನರು ಬಾಗಿಲಿಗೆ ಹಣೆ ಚಚ್ಚಿಕೊಂಡ ಮೇಲೆ ನಮ್ಮ ಸ್ಟೇಷನ್ ಕಂಟ್ರೋಲರ್ ಇಮ್ತಿಯಾಜ್ ಸಾಹೇಬರಿಗೆ ರೇಗಿತು. ಆಗ ತಾನೇ ನೆಲ ಒರೆಸುವ ಕೆಲಸಕ್ಕೆ ಗುತ್ತಿಗೆಯ ಮೇಲೆ ಸೇರಿದ್ದ ಹೊಂಬಾಳಮ್ಮನನ್ನು ಕರೆದರು.

"ನಾಳೆಯಿಂದ ಗಾಡಿ ಖಾಲಿ ಮಾಡಿಸೋ ಕೆಲಸ ನಿಮ್ಮದು ಹೊಂಬಾಳಮ್ಮ. ಆರು ಬೋಗಿ, ಎರಡೇ ನಿಮಿಷ. ಮಲಗಿದ್ದೋರನ್ನ ಮೆಲ್ಲಗೆ ತಟ್ಟಿ ಎಬ್ಬಿಸಿ."

"ಅಯ್ಯೋ ಶಿವನೇ! ಗಂಡಸ್ರ ಮೈ ಮುಟ್ಟಿ ಎಬ್ಸಕ್ಕಾಯ್ತದಾ ಸಾ?" ಎಂದಳು ಹೊಂಬಾಳಮ್ಮ.

ಸಾಹೇಬರು ತಬ್ಬಿಬ್ಬಾದರು. ಹೊಂಬಾಳಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಹಿತ್ತಾಳೆಯ ಬೀಗದ ಕೈ ತೆಗೆದು, ಪಕ್ಕದಲ್ಲಿದ್ದ ಸ್ಟೀಲ್ ಕಂಬಕ್ಕೆ ಮೂರು ಸಲ ಬಡಿದಳು. ಟಣ್, ಟಣ್, ಟಣ್. "ಹಿಂಗ್ ಮಾಡಿದ್ರೆ?"

ಅವತ್ತು ಶುರುವಾದದ್ದು ಒಂಬತ್ತು ವರ್ಷ ನಡೆಯಿತು.

ಆ ಬೀಗದ ಕೈ ಯಾವುದು ಎಂದು ಹೇಳದೆ ಮುಂದೆ ಹೋಗಲಾರೆ. ಹೊಂಬಾಳಮ್ಮ ಕನಕಪುರದ ಕಡೆಯವಳು. ಗಂಡ ತೀರಿಕೊಂಡ ಮೇಲೆ ಏಳು ವರ್ಷ ತಮ್ಮ ಮರಿಸ್ವಾಮಿಯ ಮನೆಯಲ್ಲಿದ್ದಳು. ತಮ್ಮ ಕೆಟ್ಟವನಲ್ಲ. ತಮ್ಮನ ಹೆಂಡತಿಯೂ ಊಟಕ್ಕೆ ಕೊರತೆ ಮಾಡಿದವಳಲ್ಲ. ಆದರೆ ಮಲಗಲು ಜಗಲಿ, ಸೀರೆ ಇಡಲು ಒಂದು ಚೀಲ. ಒಳಗೆ ಹೋಗಬೇಕಾದರೆ ಬಾಗಿಲು ತಟ್ಟಬೇಕು. ಏಳು ವರ್ಷ ಬಾಗಿಲು ತಟ್ಟಿದ ಹೆಂಗಸು ಕೆಲಸ ಸಿಕ್ಕ ತಿಂಗಳೇ ನನ್ನ ಪಕ್ಕದ ಕಟ್ಟಡದ ಮಹಡಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಳು. ನೀಲಿ ಬಾಗಿಲಿನ ಕೋಣೆ. ನನ್ನ ಎರಡನೇ ಪ್ಲಾಟ್‌ಫಾರ್ಮಿನ ತುದಿಗೆ ನೇರವಾಗಿ ಕಾಣುತ್ತದೆ. ಮೊದಲ ದಿನ ಅವಳು ಬೀಗ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಹಾಗೇ ನಾಲ್ಕು ಸಲ. ಸುಮ್ಮನೆ, ತನ್ನದು ಎಂಬ ಖುಷಿಗೆ. ನೋಡಿ ನನಗೂ ಖುಷಿಯಾಯಿತು.

ಅವಳ ಕೆಲಸ ನೋಡಬೇಕಿತ್ತು ನೀವು. ಗಾಡಿ ಬಂದು ಬಾಗಿಲು ಉಸ್ಸೆಂದು ತೆರೆದುಕೊಂಡ ಕೂಡಲೇ ಹಿಂದಿನ ಬೋಗಿಗೆ ಹತ್ತುವಳು. ಎಡಗೈಯಲ್ಲಿ ಸೆರಗು, ಬಲಗೈಯಲ್ಲಿ ಬೀಗದ ಕೈ. ಮಲಗಿದವರ ಪಕ್ಕದ ಕಂಬಕ್ಕೆ ಟಣ್ ಟಣ್ ಟಣ್. "ಏಳಪ್ಪಾ, ಊರು ಬಂತು. ಏಳವ್ವಾ, ಸುಣ್ಣದಗೂಡು. ಚತ್ರಿ ತಗೋ ಕಂದಾ." ನಡೆಯುತ್ತಲೇ ಕಣ್ಣು ಸೀಟಿನ ಕೆಳಗೆ ಹಾಯಿಸುವಳು. ಮುಂದಿನ ಬೋಗಿಯಿಂದ ಇಳಿದು ಬೀಗದ ಕೈ ಹಿಡಿದ ಕೈಯನ್ನು ಮೇಲಕ್ಕೆತ್ತುವಳು. ಒಬ್ಬರೂ ಇಲ್ಲ ಎಂದು ಅರ್ಥ. ಇಮ್ತಿಯಾಜ್ ಸಾಹೇಬರು ಅದನ್ನು ನೋಡಿ ಚಾಲಕನಿಗೆ ಕೈ ತೋರಿಸುವರು. ಬಾಗಿಲು ಮುಚ್ಚುವುದು, ಗಾಡಿ ತುದಿಹಳಿಗೆ ಹೋಗುವುದು. ಒಂಬತ್ತು ವರ್ಷದಲ್ಲಿ ಮಲಗಿದ ಒಬ್ಬೇ ಒಬ್ಬ ಮನುಷ್ಯ ಅವಳ ಕಣ್ಣು ತಪ್ಪಿಸಿ ಅಲ್ಲಿಗೆ ಹೋಗಿಲ್ಲ.

ಮನುಷ್ಯರಷ್ಟೇ ಅಲ್ಲ, ಸಾಮಾನೂ ಹಾಗೇ. ಒಮ್ಮೆ ಯಾರೋ ಪುಣ್ಯಾತ್ಮರು ಇಡೀ ಹಲಸಿನಹಣ್ಣು ಬಿಟ್ಟು ಇಳಿದಿದ್ದರು. ಅದನ್ನು ಕಂಟ್ರೋಲರ್ ಕೋಣೆಯಲ್ಲಿ ಇಟ್ಟು ಮೂರು ದಿನ ವಾರಸುದಾರರಿಗೆ ಕಾದರು. ನಾಲ್ಕನೇ ದಿನ ನನ್ನ ಮೂಲೆಮೂಲೆಯೂ ಘಮಘಮ ಎನ್ನತೊಡಗಿತು. "ಇನ್ನೂ ನಿಯಮ ನಿಯಮ ಅಂತ ಕುಂತಿದ್ರೆ ಇರುವೆ ಬತ್ತವೆ ಸಾ" ಎಂದು ಹೊಂಬಾಳಮ್ಮ ಕೈಗೆ ಎಣ್ಣೆ ಹಚ್ಚಿಕೊಂಡು ಕೂತಳು. ಟಿಕೆಟ್ ಕೌಂಟರಿನವರಿಂದ ಹಿಡಿದು ಎಲ್ಲರಿಗೂ ತೊಳೆ ಸಿಕ್ಕಿತು. ಹಣ್ಣಿನ ಒಡೆಯ ಮಾರನೆಯ ದಿನ ಬಂದ. ಅವನಿಗೆ ಬೀಜ ಕೊಟ್ಟು ಕಳಿಸಿದರು!

ಮಲಗುವವರಲ್ಲೆಲ್ಲ ನನಗೆ ಪ್ರೀತಿಯವಳು ಸುಗುಣ. ದೊಡ್ಡಾಸ್ಪತ್ರೆಯಲ್ಲಿ ನರ್ಸು. ಹೆಚ್ಚಾಗಿ ರಾತ್ರಿಪಾಳಿ. ಬೆಳಿಗ್ಗೆ ಎಂಟೂವರೆಯ ಗಾಡಿಯಲ್ಲಿ ಬರುವಳು. ಹಿಂದಿನ ಬೋಗಿಯ ಮೂಲೆಯ ಸೀಟು, ತಲೆಗೆ ಕಿವಿ ಮುಚ್ಚುವ ಹಾಗೆ ಸ್ಕಾರ್ಫು, ಗಾಡಿ ಹೊರಟ ಮರುಕ್ಷಣ ನಿದ್ದೆ. ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಏನೇನೋ ಯಂತ್ರಗಳು ಕಿರುಚುತ್ತಿರುತ್ತವಂತೆ. ಹಾಗಾಗಿ ಸೀಟಿ, ಅನೌನ್ಸ್‌ಮೆಂಟು ಯಾವುದಕ್ಕೂ ಅವಳ ಕಿವಿ ಸೊಪ್ಪು ಹಾಕುತ್ತಿರಲಿಲ್ಲ. ತಲೆ ಆನಿಸಿದ ಕಂಬಕ್ಕೆ ಹೊಂಬಾಳಮ್ಮನ ಬೀಗದ ಕೈ ಬಡಿದರೆ ಮಾತ್ರ ಕಣ್ಣು ಬಿಡುವಳು.

"ಏಳವ್ವಾ ಸಿಸ್ಟರಮ್ಮ. ಮನೆಗೋಗಿ ಉಂಡು ಮನಿಕೋ."

"ಇನ್ನೊಂದೇ ನಿಮಿಷ ಹೊಂಬಾಳಕ್ಕ..."

"ನಿನ್ ನಿಮಿಷ ನಂಗೊತ್ತಿಲ್ವಾ. ಏಳು ಏಳು!"

ಒಂಬತ್ತು ವರ್ಷ ಇದೇ ಮಾತು. ನಡುವೆ ಸುಗುಣನಿಗೆ ಮದುವೆಯಾಯಿತು, ಹೆಣ್ಣುಮಗು ಹುಟ್ಟಿತು, ಮಗು ಸ್ಕೂಲಿಗೆ ಸೇರಿತು. ಮಾತು ಬದಲಾಗಲಿಲ್ಲ.

ಹೀಗೆ ಸುಖವಾಗಿರುವಾಗ ಒಂದು ದಿನ ಅಡ್ಡಗಟ್ಟೆಯ ಆಚೆ ಕಂಬಗಳು ಎದ್ದವು. ಮಾರ್ಗ ಮುಂದಕ್ಕೆ ಬೆಳೆಯುತ್ತದಂತೆ, ಇನ್ನು ಮೂರು ನಿಲ್ದಾಣ ಬರುತ್ತವಂತೆ, ಕೊನೆಯದು ಮಾವಿನಸಂದ್ರವಂತೆ. ನಾನು ಮೊದಲು ನಂಬಲೇ ಇಲ್ಲ. ಕಂಬ ಎತ್ತಿದ ಮಾತ್ರಕ್ಕೆ ಮಾರ್ಗವಾಗುತ್ತದೆಯೇ, ಎಷ್ಟು ಕಂಬಗಳು ಬಳ್ಳಿ ಹಬ್ಬಿಸಿಕೊಂಡು ನಿಂತಿಲ್ಲ ಎಂದು ಮೂಗು ಮುರಿದೆ. ಎರಡು ವರ್ಷ ಕಳೆದ ಮೇಲೆ ಕೆಲಸದವರು ಬಂದು ನನ್ನ ಕೆಂಪು ಅಡ್ಡಗಟ್ಟೆಯನ್ನು ಗ್ಯಾಸಿನಲ್ಲಿ ಕತ್ತರಿಸಿ ಲಾರಿಗೆ ಹಾಕಿದರು. ಅವತ್ತು ನಾನು ಅತ್ತೆ. ಪ್ರಯಾಣಿಕರು ತಗಡು ಸೋರುತ್ತಿದೆ ಎಂದುಕೊಂಡರು.

ಬುಧವಾರ ಸಂಜೆ ಇಮ್ತಿಯಾಜ್ ಸಾಹೇಬರು ಹೊಂಬಾಳಮ್ಮನನ್ನು ಕರೆದು ಹೇಳಿದರು: "ನಾಳೆಯಿಂದ ಇಲ್ಲಿ ಗಾಡಿ ಖಾಲಿ ಮಾಡಿಸೋದಿಲ್ಲ. ಮಾವಿನಸಂದ್ರದಲ್ಲಿ ಬೇರೆ ಗುತ್ತಿಗೆಯೋರು ನೋಡ್ಕೋತಾರೆ. ನಿಮಗೆ ನೆಲ ಒರೆಸೋ ಕೆಲಸ ಇದೆ, ಚಿಂತೆ ಮಾಡಬೇಡಿ. ಗಾಡಿ ಮಾತ್ರ ಹತ್ತಬೇಡಿ."

"ಆಯ್ತು ಸಾ" ಎಂದಳು. ಮುಖ ಬಾಡಿತ್ತು.

ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಮಾವಿನಸಂದ್ರಕ್ಕೆ ಮೊದಲ ಗಾಡಿ. ಊರಿಂದ ಬರುವಾಗಲೇ ತುಂಬಿ ತುಳುಕುತ್ತಿತ್ತು. ಹೊಸ ಮಾರ್ಗ ನೋಡಲು ಹೊರಟ ಸಂಸಾರಗಳು, ಬುತ್ತಿ ಕಟ್ಟಿಕೊಂಡ ಮುದುಕರು, ಮೊಬೈಲ್ ಹಿಡಿದ ಹುಡುಗಿಯರು. ಮೂರನೇ ಬೋಗಿಯಲ್ಲಿ ಮೆಟ್ರೊದ ಅಧಿಕಾರಿ ಪದ್ಮರಾಜಯ್ಯನವರು ಫೈಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹೊಸ ಮಾರ್ಗದ ಮೊದಲ ಓಟ ಸರಿಯಾಗಿ ನಡೆಯಿತೆಂದು ಬರೆದುಕೊಳ್ಳುವುದು ಅವರ ಕೆಲಸ. ಚಾಲಕನಿಗೆ ಹಾರ ಹಾಕುವುದಿದ್ದುದರಿಂದ ಅವತ್ತೊಂದು ದಿನ ಗಾಡಿ ನನ್ನಲ್ಲಿ ಎರಡು ನಿಮಿಷ ನಿಲ್ಲಬೇಕೆಂದು ಏರ್ಪಾಟಾಗಿತ್ತು. ಆ ಎರಡು ನಿಮಿಷವೇ ಮುಳುವಾಯಿತು.

ಗಾಡಿ ನಿಂತಿತು. ಇಮ್ತಿಯಾಜ್ ಸಾಹೇಬರು ಹಾರ ಹಿಡಿದು ಮುಂದಿನ ತುದಿಗೆ ಹೋದರು. ಹಿಂದಿನ ತುದಿಯಲ್ಲಿ ಹೊಂಬಾಳಮ್ಮ ಬಕೆಟ್ಟು, ಒರೆಸುವ ಕೋಲು ಹಿಡಿದು ನಿಂತಿದ್ದಳು. ಬಾಗಿಲು ಉಸ್ಸೆಂದಿತು. ಅವಳ ಕೈ ಕೋಲನ್ನು ಗೋಡೆಗೆ ಆನಿಸಿತು. ಇನ್ನೊಂದು ಕೈ ಸೊಂಟಕ್ಕೆ ಹೋಯಿತು. ಬೇಡ ಕಣೇ, ಹತ್ತಬೇಡ ಎಂದು ನಾನು ಕೂಗಿಕೊಂಡೆ. ಕಾಂಕ್ರೀಟಿನ ಕೂಗು ಯಾರಿಗೆ ಕೇಳಬೇಕು?

ಟಣ್, ಟಣ್, ಟಣ್. "ಏಳಪ್ಪಾ, ಊರು ಬಂತು. ಇಳೀರವ್ವಾ, ಇಳೀರಿ. ಸುಣ್ಣದಗೂಡು."

ಮೇಲಿನಿಂದ ಯಂತ್ರದ ಹೆಂಗಸು ಮೂರು ಭಾಷೆಯಲ್ಲಿ ಈ ರೈಲು ಮಾವಿನಸಂದ್ರಕ್ಕೆ ಹೋಗುತ್ತದೆ ಎಂದು ಬಡಕೊಳ್ಳುತ್ತಿದ್ದಳು. ಯಾರು ಕೇಳುತ್ತಾರೆ ಅವಳನ್ನು? ನನ್ನ ಊರಿನವರು ಬೀಗದ ಕೈ ಸದ್ದಿಗೆ ಎದ್ದರು. ಅವರು ಎದ್ದರೆಂದು ಪಕ್ಕದವರು ಎದ್ದರು. ಬುತ್ತಿಯವರು ಬುತ್ತಿ ಎತ್ತಿಕೊಂಡರು, ಮಕ್ಕಳವರು ಮಕ್ಕಳನ್ನು ಎತ್ತಿಕೊಂಡರು. ಫೈಲು ಕಂಕುಳಲ್ಲಿಟ್ಟುಕೊಂಡು ಪದ್ಮರಾಜಯ್ಯನವರೂ ಇಳಿದರು! ಹೊಂಬಾಳಮ್ಮ ಆರು ಬೋಗಿ ಮುಗಿಸಿ, ಮುಂದೆ ಇಳಿದು, ಕೈ ಮೇಲೆತ್ತಿದಳು. ಚಾಲಕನಿಗೆ ಹಾರ ಹಾಕಿ ನಗುತ್ತಿದ್ದ ಇಮ್ತಿಯಾಜ್ ಸಾಹೇಬರು ಆ ಕೈ ಕಂಡದ್ದೇ ತಡ, ಒಂಬತ್ತು ವರ್ಷದ ಅಭ್ಯಾಸದಂತೆ ತಮ್ಮ ಕೈಯನ್ನೂ ಎತ್ತಿಬಿಟ್ಟರು. ಬಾಗಿಲು ಮುಚ್ಚಿತು. ಗಾಡಿ ಹೊರಟಿತು.

ಆರು ನೂರು ಜನ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಖಾಲಿ ಗಾಡಿ ಹೋಗುವುದನ್ನು ನೋಡಿದರು. ಆಮೇಲೆ ಬುತ್ತಿ ಹಿಡಿದ ಒಬ್ಬ ಮುದುಕರು ಕೇಳಿದರು, "ಅಲ್ಲಾ, ನಾವ್ಯಾಕೆ ಇಳಿದ್ವಿ?"

ಹೊಂಬಾಳಮ್ಮ ಎತ್ತಿದ ಕೈಯನ್ನು ಹಾಗೇ ಬಾಯಿಗೆ ಒತ್ತಿಕೊಂಡಳು.

ಅತ್ತ ಮಾವಿನಸಂದ್ರದಲ್ಲಿ ತಮಟೆಯವರು, ಹೂಮಾಲೆಯವರು, ಆರತಿ ತಟ್ಟೆ ಹಿಡಿದ ಹೆಂಗಸರು ಕಾದು ನಿಂತಿದ್ದರಂತೆ. ಇದೆಲ್ಲ ನನಗೆ ಹೇಳಿದ್ದು ಹಿಂದಿರುಗಿದ ಗಾಡಿಯೇ. ಗಾಡಿಗಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಬಾಗಿಲು ತೆರೆದರೆ ಒಳಗೆ ಒಂದು ಹುಳವೂ ಇಲ್ಲ. ತಮಟೆ ನಿಂತಿತು. ಯಾರೋ ಒಬ್ಬಾಕೆ, ತಂದ ಆರತಿ ತಂದಾಯಿತಲ್ಲ ಎಂದು ಖಾಲಿ ಸೀಟಿಗೇ ಬೆಳಗಿದಳಂತೆ. ಯಾರೋ ಅದರ ವಿಡಿಯೊ ಮಾಡಿದರು. ಹತ್ತು ಗಂಟೆಯೊಳಗೆ ಊರೆಲ್ಲ ನಗುತ್ತಿತ್ತು. ಸುಳ್ಳು ಯಾಕೆ, ನಾನೂ ನಕ್ಕೆ. ಮಾವಿನಸಂದ್ರಕ್ಕೆ ಸರಿಯಾಗಿ ಆಯಿತು ಎಂದುಕೊಂಡೆ.

ಮಧ್ಯಾಹ್ನ ಗುತ್ತಿಗೆದಾರನ ಕಡೆಯ ಮೇಲ್ವಿಚಾರಕ ಬಂದಾಗ ನನ್ನ ನಗು ಉಡುಗಿತು. ವಿಚಾರಣೆ ಆಗುವವರೆಗೆ ಹೊಂಬಾಳಮ್ಮ ಕೆಲಸಕ್ಕೆ ಬರಕೂಡದು, ಆಮೇಲೂ ಉಳಿಸಿಕೊಳ್ಳುವುದು ಅನುಮಾನ ಎಂದ. ಅವಳು ಕೆಲಸದ ಕೋಟು ಬಿಚ್ಚಿ, ಮಡಿಸಿ, ಮೇಜಿನ ಮೇಲೆ ಇಟ್ಟಳು.

"ಕೈ ತೋರಿಸಿದ್ದು ನಾನೂ ಅಲ್ವಾ? ವರದಿಯಲ್ಲಿ ಬರೀತೀನಿ" ಎಂದರು ಇಮ್ತಿಯಾಜ್ ಸಾಹೇಬರು.

"ನೀವ್ಯಾಕ್ ಸಾ ಬರ್ಕೋತೀರಿ. ತಪ್ಪು ನಂದೇ. ಕಾಲು ಹೋಯ್ತು, ಅದರ ಹಿಂದೆ ನಾನ್ ಹೋದೆ."

ಸಾಹೇಬರು ಬರೆದರು. ಅವರು ಅಂಥವರೇ.

ಮೂರನೆಯ ದಿನ ತಮ್ಮ ಮರಿಸ್ವಾಮಿ ಬೈಕಿನಲ್ಲಿ ಬಂದ. ನೀಲಿ ಬಾಗಿಲ ಮುಂದೆ ಅಕ್ಕ ತಮ್ಮ ನಿಂತು ಮಾತಾಡಿದ್ದು ನನಗೆ ಕೇಳಿಸಿತು.

"ಅಕ್ಕಯ್ಯ, ಕೆಲ್ಸ ಇಲ್ದೆ ಈ ಪಟ್ಟಣ್ದಲ್ಲಿ ಒಬ್ಳೇ ಏನ್ ಮಾಡೀಯೆ? ಬಾಡ್ಗೆ ಮನೆಯೋರ್‌ಗೆ ಬೀಗದ ಕೈ ಕೊಟ್ಬುಟ್ಟು ಬಾ. ಜಗ್ಲಿ ಮೇಲೆ ನಿನ್ ಜಾಗ ಹಂಗೇ ಐತೆ."

ಪಾಪ, ಅವನು ಪ್ರೀತಿಯಿಂದಲೇ ಹೇಳಿದ. ಹೊಂಬಾಳಮ್ಮ ಬಾಗಿಲಿನ ಚಿಲಕ ಹಿಡಿದುಕೊಂಡು, "ಶುಕ್ರವಾರ ವಿಚಾರ್ಣೆ ಐತಂತೆ ಕಣಪ್ಪ. ಅದೊಂದು ಆಗ್ಲಿ. ಕೆಲ್ಸ ಹೋದ್ರೆ ಅವತ್ತು ಸಂಜೇನೇ ಬೀಗ ಕೊಟ್ಟು ಬಂದ್ಬುಡ್ತೀನಿ" ಎಂದಳು. ಅವನು ಹೋದ ಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನನ್ನ ಪಟ್ಟ ಹೋದದ್ದು ಇರಲಿ, ಇವಳ ನೀಲಿ ಬಾಗಿಲು ಹೋಗಬಾರದು ಎಂದು ಅಂದುಕೊಂಡೆ. ಜೀವಮಾನದಲ್ಲಿ ಬೇರೆಯವರಿಗಾಗಿ ನಾನು ಬೇಡಿಕೊಂಡದ್ದು ಅದೇ ಮೊದಲು.

ಈ ಮಧ್ಯೆ ನನ್ನ ಊರಿನವರ ಪಾಡು ಏನೆನ್ನಲಿ! ಒಂಬತ್ತು ವರ್ಷ ಕಣ್ಣು ಮುಚ್ಚಿ ಬಂದವರು, ಈಗ ಮೂವತ್ತೇ ಸೆಕೆಂಡು. ದಿನಕ್ಕೆ ಇಪ್ಪತ್ತು ಮೂವತ್ತು ಜನ ನನ್ನನ್ನು ದಾಟಿಹೋಗಿ, ಮಾವಿನಸಂದ್ರದಿಂದ ಕಣ್ಣುಜ್ಜಿಕೊಳ್ಳುತ್ತಾ ವಾಪಸು ಬರುವರು. ಅಲ್ಲಿಯ ಸೆಕ್ಯುರಿಟಿಯವರು ಪ್ಲಾಟ್‌ಫಾರ್ಮಿನ ಮೇಲೆ ನಿಂತು ಸೀಟಿ ಊದಿ, ಕಿಟಕಿಯಲ್ಲಿ ಇಣುಕಿ, ಖಾಲಿ ಎನ್ನುವರಂತೆ. ಮೂಲೆಯಲ್ಲಿ ಮುದುಡಿ ಕೂತವರು ಕಿಟಕಿಗೆ ಕಾಣುತ್ತಾರೆಯೇ?

ಮುಂದಿನ ಬುಧವಾರ ಬೆಳಿಗ್ಗೆ ಎಂಟೂವರೆಯ ಗಾಡಿ ಬಂತು. ಹಿಂದಿನ ಬೋಗಿಯ ಮೂಲೆಯಲ್ಲಿ ಸುಗುಣ ಮಲಗಿದ್ದಳು. ಹಿಂದಿನ ವಾರ ಹಗಲುಪಾಳಿಯಲ್ಲಿದ್ದ ಅವಳಿಗೆ, ರಾತ್ರಿಪಾಳಿ ಮುಗಿಸಿ ಹೊಸ ಮಾರ್ಗದ ಗಾಡಿಯಲ್ಲಿ ಬರುವುದು ಅದೇ ಮೊದಲು. ಬಾಗಿಲು ತೆರೆಯಿತು, ಮೂವತ್ತು ಸೆಕೆಂಡಾಯಿತು, ಮುಚ್ಚಿತು. ನಾನು ನೋಡುತ್ತಾ ನಿಂತೆ. ಗಾಡಿ ಮಾವಿನಸಂದ್ರಕ್ಕೆ ಹೋಯಿತು. ಸೀಟಿ ಊದಿದರು, ಅವಳು ಏಳಲಿಲ್ಲ. ಗಾಡಿ ಅವಳನ್ನು ಹೊತ್ತುಕೊಂಡೇ ತುದಿಹಳಿಗೆ ಹೋಗಿ, ದೀಪ ಆರಿಸಿಕೊಂಡು ನಿಂತಿತು. ಅವಳಿಗೆ ಎಚ್ಚರವಾದಾಗ ಸೆಕೆ, ಮುಚ್ಚಿದ ಬಾಗಿಲು, ಕೆಳಗೆ ಮಾವಿನ ತೋಪು, ಸುತ್ತ ಒಬ್ಬರಿಲ್ಲ. ಆಪತ್ತಿನ ಗುಂಡಿ ಒತ್ತಿ, ಯಾರಾದರೂ ಬಂದು ಬಾಗಿಲು ತೆರೆಯುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು.

ಶುಕ್ರವಾರ ಹನ್ನೊಂದು ಗಂಟೆಗೆ ನನ್ನ ಕಂಟ್ರೋಲರ್ ಕೋಣೆಯಲ್ಲೇ ವಿಚಾರಣೆ ನಡೆಯಿತು. ಮೇಜಿನ ಆಚೆ ಪದ್ಮರಾಜಯ್ಯನವರು, ಪಕ್ಕದಲ್ಲಿ ಇಮ್ತಿಯಾಜ್ ಸಾಹೇಬರು. ಈಚೆ ಹೊಂಬಾಳಮ್ಮ, ಒಗೆದ ಸೀರೆ ಉಟ್ಟು, ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಆರು ನೂರು ಜನ ಒಬ್ಬರ ಮಾತು ಕೇಳಿ ಇಳೀತಾರೆ ಅಂದ್ರೆ ಏನ್ರೀ ಅರ್ಥ?" ಎಂದು ಪದ್ಮರಾಜಯ್ಯ ಗುಡುಗಿದರು. "ಮೂರು ಭಾಷೆಯಲ್ಲಿ ಅನೌನ್ಸ್‌ಮೆಂಟ್ ಬರ್ತಾ ಇತ್ತು. ಒಬ್ಬರಿಗಾದ್ರೂ ಬುದ್ಧಿ ಬೇಡ್ವಾ?"

ಇಮ್ತಿಯಾಜ್ ಸಾಹೇಬರು ಗಂಟಲು ಸರಿಮಾಡಿಕೊಂಡರು. "ತಪ್ಪು ತಿಳ್ಕೋಬೇಡಿ ಸಾರ್. ಮೂರನೇ ಬೋಗಿಯಿಂದ ನೀವೂ ಇಳಿದ್ರಿ."

ನನ್ನ ಫ್ಯಾನುಗಳೂ ಒಂದು ಸುತ್ತು ತಡೆದು ತಿರುಗಿದವು. ಪದ್ಮರಾಜಯ್ಯ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು.

"ಇಳಿದೆ ಕಣ್ರೀ" ಎಂದರು, ದನಿ ತಗ್ಗಿತ್ತು. "ನಮ್ಮಮ್ಮ ಲೋಟಕ್ಕೆ ಚಮಚ ಬಡಿದು ಸ್ಕೂಲಿಗೆ ಎಬ್ಬಿಸೋರು. ಆ ಟಣ್ ಟಣ್ ಕೇಳಿದ್ದೇ, ಕಾಲು ತಾನಾಗೇ ಎದ್ದುಬಿಡ್ತು."

"ನಂಗೂ ಹಂಗೇ ಆಯ್ತು ಸಾ" ಎಂದಳು ಹೊಂಬಾಳಮ್ಮ, ಮೊದಲ ಸಲ ತಲೆ ಎತ್ತಿ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಸುಗುಣ ಬಂದಳು. ರಾತ್ರಿಪಾಳಿ ಮುಗಿಸಿದವಳು ಮನೆಗೆ ಹೋಗಿರಲಿಲ್ಲ, ಕಣ್ಣು ಕೆಂಪಾಗಿತ್ತು. ಕೈಯಲ್ಲಿ ಮಾವಿನಸಂದ್ರದಲ್ಲಿ ಕೊಟ್ಟ ದೂರಿನ ಫಾರಂ. ಅದನ್ನು ಮೇಜಿನ ಮೇಲಿಟ್ಟಳು.

"ಬುಧವಾರ ತುದಿಹಳಿಗೆ ಹೋದೋರು ನೀವೇನಾ?" ಎಂದು ಕೇಳಿದ ಪದ್ಮರಾಜಯ್ಯ, ಫಾರಂ ನೋಡಿ ಹುಬ್ಬು ಗಂಟಿಕ್ಕಿದರು. "ದೂರು ಯಾರ ಮೇಲೆ ಅನ್ನೋ ಕಡೆ ಖಾಲಿ ಬಿಟ್ಟಿದ್ದೀರಲ್ಲ?"

"ಯಾರ ಮೇಲೂ ಅಲ್ಲ ಸರ್. ಕೆಳಗೆ ಓದಿ."

ಕೆಳಗೆ ಒಂದೇ ಸಾಲು ಇತ್ತು: ಹೊಂಬಾಳಮ್ಮನವರನ್ನು ಮನೆಗೆ ಕಳಿಸಿದ್ದೀರಿ, ಅದೇ ನನ್ನ ದೂರು.

"ರಾತ್ರಿಯೆಲ್ಲಾ ನಾನು ಬೇರೆಯವರ ನಿದ್ದೆ ಕಾಯ್ತೀನಿ ಸರ್" ಎಂದಳು ಸುಗುಣ. "ಒಂಬತ್ತು ವರ್ಷದಿಂದ ನನ್ನ ನಿದ್ದೆ ಕಾಯ್ತಾ ಇದ್ದೋರು ಇವರೊಬ್ಬರೇ."

ಹೊಂಬಾಳಮ್ಮನ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು, "ನೀನ್ಯಾಕವ್ವ ನಿದ್ದೆಗೆಟ್ಟು ಬಂದೆ" ಎಂದು ಗದರಿದಳು.

ಪದ್ಮರಾಜಯ್ಯ ಫಾರಂ ಫೈಲಿಗೆ ಸೇರಿಸಿದರು. "ಒಂಬತ್ತು ವರ್ಷದಲ್ಲಿ ಇಲ್ಲಿಂದ ಎಷ್ಟು ಜನ ತುದಿಹಳಿಗೆ ಹೋಗಿದ್ದಾರಮ್ಮ?"

"ಒಬ್ರೂ ಇಲ್ಲ ಸಾ."

"ಮಾವಿನಸಂದ್ರದಲ್ಲಿ ಎಂಟು ದಿನಕ್ಕೆ ಮೂರು ಜನ." ಅವರು ಪೆನ್ನಿನ ಮುಚ್ಚಳ ತೆಗೆದರು. "ಅಲ್ಲಿಗೆ ಹೋಗಿ ಗಾಡಿ ಖಾಲಿ ಮಾಡಿಸ್ತೀರಾ? ಆ ಸೀಟಿಯವರಿಗೂ ಕಲಿಸಬೇಕು."

"ಕೊನೇ ಸ್ಟೇಷನ್ ಯಾವ್ದೋ ಅದು ನನ್ ಕೆಲ್ಸ ಸಾ. ಹೋಯ್ತೀನಿ. ಆದ್ರೆ ಮನೆ ಮಾತ್ರ ಇಲ್ಲೇ." ಹೊಂಬಾಳಮ್ಮ ಮುಷ್ಟಿ ಬಿಚ್ಚಿ ಬೀಗದ ಕೈ ನೋಡಿಕೊಂಡು ಸೊಂಟಕ್ಕೆ ಸಿಕ್ಕಿಸಿದಳು.

ನನ್ನ ಬೇಡಿಕೆ ಈಡೇರಿತು. ನೀಲಿ ಬಾಗಿಲು ಉಳಿಯಿತು. ಆದರೆ ಅವಳು ಮಾವಿನಸಂದ್ರದ ಪಾಲಾದಳಲ್ಲ ಎಂದು ಹೊಟ್ಟೆ ಉರಿಯಿತು. ಮುಚ್ಚಿಡುವುದೇನು, ಒಂದು ತಿಂಗಳು ಉರಿಯಿತು.

ಆಮೇಲೆ ನನ್ನ ಊರಿನವರು ಒಂದು ಹೊಸ ಪದ್ಧತಿ ಮಾಡಿಕೊಂಡರು. ಊರಿನ ಕಡೆಯಿಂದ ಬರುವ ಗಾಡಿ ನನ್ನನ್ನು ಸಮೀಪಿಸುತ್ತಿದ್ದಂತೆ ಎಚ್ಚರ ಇರುವವರು ಕೈಗೆ ಸಿಕ್ಕಿದ್ದರಿಂದ ಕಂಬ ಬಡಿಯುತ್ತಾರೆ. ಸ್ಕೂಟರ್ ಕೀ, ಊಟದ ಡಬ್ಬಿ, ಬಳೆ. "ಏಳಿ, ಸುಣ್ಣದಗೂಡು ಬಂತು." ಮಲಗಿದವರನ್ನು ಬಿಟ್ಟು ಇಳಿಯುವವರನ್ನು ಈಗ ನಮ್ಮಲ್ಲಿ ಯಾರೂ ಮೆಚ್ಚುವುದಿಲ್ಲ. ಮುಂದಿನ ನಿಲ್ದಾಣದವರು ಇದೇನು ಗಲಾಟೆ ಎಂದು ದೂರು ಕೊಟ್ಟರಂತೆ. ಪದ್ಮರಾಜಯ್ಯನವರು ಆ ದೂರನ್ನು ಎಲ್ಲಿಟ್ಟರೋ, ಇವತ್ತಿನವರೆಗೂ ಹೊರಗೆ ಬಂದಿಲ್ಲ.

ಹೊಂಬಾಳಮ್ಮನದು ಮಾವಿನಸಂದ್ರದಲ್ಲಿ ಬೆಳಗಿನ ಪಾಳಿ. ಮಧ್ಯಾಹ್ನ ಒಂದೂ ಹತ್ತರ ಗಾಡಿಗೆ ಮನೆಗೆ ಹೊರಡುತ್ತಾಳೆ. ಅಲ್ಲಿಂದ ನನ್ನಲ್ಲಿಗೆ ಹತ್ತೇ ನಿಮಿಷ. ಮೊದಮೊದಲು ಸೀಟಿದ್ದರೂ ನಿಂತೇ ಬರುತ್ತಿದ್ದಳು. ಗಾಡಿಯಲ್ಲಿ ಕೂತು ಅಭ್ಯಾಸವಿಲ್ಲವಲ್ಲ. ಈಗ ಅವಳಿಗೂ ಐವತ್ತೆಂಟು. ಮಂಡಿನೋವು. ಮೊನ್ನೆ ಗಾಡಿ ಬಂದು ಎರಡನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ನೋಡುತ್ತೇನೆ, ಬಾಗಿಲ ಪಕ್ಕದ ಸೀಟಿನಲ್ಲಿ ಕಂಬಕ್ಕೆ ತಲೆ ಆನಿಸಿ, ಬಾಯಿ ತೆರೆದುಕೊಂಡು, ಹೊಂಬಾಳಮ್ಮ ನಿದ್ದೆ ಹೋಗಿದ್ದಾಳೆ. ಊರೆಲ್ಲವನ್ನೂ ಎಬ್ಬಿಸಿದವಳು! ಇಳಿಯುವವರು ಅವಳನ್ನು ಕಾಣದೆ ಬೇರೆ ಬಾಗಿಲಲ್ಲಿ ಇಳಿದು ಹೋದರು. ಐದು ಸೆಕೆಂಡು, ಹತ್ತು ಸೆಕೆಂಡು. ಒಂಬತ್ತು ವರ್ಷ ಕೊನೆಯ ನಿಲ್ದಾಣವಾಗಿದ್ದ ನನಗೆ ಅವಳನ್ನು ಹಿಡಿದು ನಿಲ್ಲಿಸಲು ಒಂದು ಅಡ್ಡಗಟ್ಟೆ ಇಲ್ಲವಾಯಿತಲ್ಲ ಎಂದು ಒದ್ದಾಡಿಹೋದೆ.

ಆಗ ಮಧ್ಯಾಹ್ನದ ಪಾಳಿಗೆ ಹೊರಟ ಸುಗುಣ ಅದೇ ಬಾಗಿಲಲ್ಲಿ ಹತ್ತಿದಳು. ನೋಡಿದಳು. ಮೈ ಮುಟ್ಟಲಿಲ್ಲ. ಬ್ಯಾಗಿಗೆ ಕೈ ಹಾಕಿ ತನ್ನ ಮನೆಯ ಬೀಗದ ಕೈ ತೆಗೆದು ಕಂಬಕ್ಕೆ ಬಡಿದಳು. ಟಣ್, ಟಣ್, ಟಣ್.

"ಏಳು ಹೊಂಬಾಳಕ್ಕ. ಮನೆಗೋಗಿ ಉಂಡು ಮಲಕೋ."

"ಇನ್ನೊಂದೇ ನಿಮಿಷ ಕಣವ್ವ..."

"ನಿನ್ನ ನಿಮಿಷ ನನಗೊತ್ತಿಲ್ವಾ. ಏಳು ಏಳು!"

ಹೊಂಬಾಳಮ್ಮ ಕಣ್ಣು ಬಿಟ್ಟು, ನಕ್ಕು, ಮಂಡಿ ಹಿಡಿದು ಇಳಿದಳು. ಬಾಗಿಲು ಮುಚ್ಚಿತು. ಗಾಡಿ ಸುಗುಣನನ್ನು ಕರೆದುಕೊಂಡು ಊರ ಕಡೆ ಹೋಯಿತು. ಹೊಂಬಾಳಮ್ಮ ನನ್ನ ಮೆಟ್ಟಿಲು ಇಳಿದು, ಪಕ್ಕದ ಕಟ್ಟಡದ ಮೆಟ್ಟಿಲು ಹತ್ತಿ, ನೀಲಿ ಬಾಗಿಲಿನ ಬೀಗ ತೆಗೆದು ಒಳಗೆ ಹೋದಳು.